ಕಾಲೇಜು ಅರ್ಜಿಯ ಜೊತೆ ಹಾಡು, ನೃತ್ಯ, ಚಿತ್ರ: ಕಳಿಸೋದಾ, ಬೇಡ್ವಾ?

ಸೆಪ್ಟೆಂಬರ್ ಬಂತೆಂದರೆ ನ್ಯೂಜೆರ್ಸಿ, ಫ್ರೀಮಾಂಟ್‌ನ ಕನ್ನಡದ ಮನೆಗಳಲ್ಲೂ ಇತ್ತ ಜಯನಗರ, ಮಲ್ಲೇಶ್ವರದ ಮನೆಗಳಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ಮಗಳು ಹತ್ತು ವರ್ಷದಿಂದ ಸಂಗೀತ ಕಲಿಯುತ್ತಿದ್ದಾಳೆ. ಅಮೆರಿಕದ ಕಾಲೇಜಿಗೆ ಅರ್ಜಿ ತುಂಬುವಾಗ ‘ಆರ್ಟ್ಸ್ ಸಪ್ಲಿಮೆಂಟ್’ ಅಂತ ಒಂದು ಜಾಗ ಕಾಣುತ್ತದೆ. ಬೇಕಿದ್ದರೆ ಕಳಿಸಿ, ಕಡ್ಡಾಯವಲ್ಲ ಅಂತ ಪಕ್ಕದಲ್ಲೇ ಬರೆದಿರುತ್ತದೆ. ಇಷ್ಟು ವರ್ಷ ಕಲಿತದ್ದನ್ನು ಸುಮ್ನೆ ಬಿಡೋದ್ಯಾಕೆ, ಒಂದು ವಿಡಿಯೊ ಹಾಕಿಬಿಡೋಣ, ಕಳೆದುಕೊಳ್ಳೋದೇನಿದೆ ಅಂತ ಅಪ್ಪ ಅಮ್ಮನ ಮಾತು.

ಕಳೆದುಕೊಳ್ಳೋದು ಇದೆ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹೆಚ್ಚಿನ ಮಕ್ಕಳು ಇದನ್ನು ಕಳಿಸಬೇಕಾಗಿಲ್ಲ. ಕೆಲವರು ಖಂಡಿತ ಕಳಿಸಬೇಕು. ನಿಮ್ಮ ಮಗು ಯಾವ ಕಡೆ ಅಂತ ತಿಳಿಯಲು ಕಲಿತ ವರ್ಷಗಳ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಮಗುವಿನ ಮೇಲೆ ಯಾವ ಮಮತೆಯೂ ಇಲ್ಲದ, ಆದರೆ ಕಲೆ ಗೊತ್ತಿರುವ ಒಬ್ಬರು ಆ ವಿಡಿಯೊ ಹಚ್ಚಿದರೆ ಮೊದಲ ಅರ್ಧ ನಿಮಿಷ ಆದ ಮೇಲೂ ಕೇಳುತ್ತಾರಾ? ಕೇಳಬೇಕಾದ ಪ್ರಶ್ನೆ ಇದು.

ಮೊದಲು ಒಂದು ಗೊಂದಲ ಬಗೆಹರಿಸೋಣ. ಕಲೆಯನ್ನೇ ಓದಲು ಹೋಗುವವರಿಗೆ ಇರುವ ನಿಯಮ ಬೇರೆ. ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ಗೆ ಅರ್ಜಿ ಹಾಕಿದರೆ 12ರಿಂದ 20 ಕೆಲಸಗಳ ಪೋರ್ಟ್‌ಫೋಲಿಯೊ ಕೊಡಲೇಬೇಕು. ಜೂಲಿಯಾರ್ಡ್‌ನಂಥ ಸಂಗೀತ ಶಾಲೆಗೆ ಆಡಿಷನ್ ಇಲ್ಲದೆ ಹೋಗುವಂತೆಯೇ ಇಲ್ಲ. ಬ್ರೌನ್ ವಿಶ್ವವಿದ್ಯಾಲಯ ಮತ್ತು ಇದೇ ರೋಡ್ ಐಲೆಂಡ್ ಶಾಲೆ ಸೇರಿ ನಡೆಸುವ 5 ವರ್ಷದ ಜೋಡಿ ಪದವಿಗೆ ಎರಡೂ ಕಡೆ ಸೀಟು ಸಿಗಬೇಕು. ಹಾರ್ವರ್ಡ್ ಮತ್ತು ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಜೋಡಿಗೂ ಅಷ್ಟೇ. ಇಲ್ಲೆಲ್ಲ ಕಳಿಸೋದಾ ಬೇಡ್ವಾ ಅನ್ನುವ ಪ್ರಶ್ನೆಯೇ ಇಲ್ಲ. ಕಲೆಯೇ ಅರ್ಜಿ.

ನಾವು ಮಾತಾಡುತ್ತಿರುವುದು ಇನ್ನೊಂದು ಗುಂಪಿನ ಬಗ್ಗೆ. ಕಂಪ್ಯೂಟರ್ ಸೈನ್ಸ್, ಬಯಾಲಜಿ, ಅರ್ಥಶಾಸ್ತ್ರ ಓದಬೇಕು ಅಂತ ಅರ್ಜಿ ಹಾಕುವ ಹುಡುಗಿ. ಜೊತೆಗೆ ವೀಣೆಯೋ ಭರತನಾಟ್ಯವೋ ಚಿತ್ರಕಲೆಯೋ ಇದೆ. ಕೆಲವು ಕಾಲೇಜುಗಳು ಅಂಥವರಿಗೆ, ಬೇಕಾದರೆ ನಿಮ್ಮ ಕಲೆಯ ಒಂದು ತುಣುಕು ತೋರಿಸಿ ಅನ್ನುತ್ತವೆ. ಪ್ರಿನ್ಸ್‌ಟನ್ ಸಂಗೀತ, ನೃತ್ಯ, ನಾಟಕ, ಚಿತ್ರಕಲೆ, ವಾಸ್ತುಶಿಲ್ಪ, ಸೃಜನಶೀಲ ಬರವಣಿಗೆ ಎಲ್ಲದಕ್ಕೂ ಬಾಗಿಲು ತೆರೆದಿದೆ. ಎಂಐಟಿಯಲ್ಲಿ ಸಂಗೀತ, ರಂಗಭೂಮಿ, ಚಿತ್ರಕಲೆಯ ಜೊತೆಗೆ ‘ಮೇಕರ್ ಪೋರ್ಟ್‌ಫೋಲಿಯೊ’ ಅಂತ ಬೇರೆಯೇ ಒಂದಿದೆ. ಕೈಯಾರೆ ಯಂತ್ರ, ಆಟಿಕೆ, ಸಾಫ್ಟ್‌ವೇರ್ ಮಾಡಿದವರಿಗೆ ಅದು. ಸಾಮಾನ್ಯವಾಗಿ ಇವನ್ನೆಲ್ಲ ‘ಸ್ಲೈಡ್‌ರೂಮ್’ ಅನ್ನುವ ತಾಣದಲ್ಲಿ ಹಾಕಬೇಕು. ಅದಕ್ಕೆ ಬೇರೆ ಲಾಗಿನ್. ಕೆಲವೆಡೆ ಸಣ್ಣ ಶುಲ್ಕವೂ ಇರುತ್ತದೆ.

ಯೇಲ್ ಮಾತ್ರ ಸ್ವಲ್ಪ ನೇರವಾಗಿಯೇ ಹೇಳುತ್ತದೆ. ಬಹುತೇಕ ಅರ್ಜಿದಾರರಿಗೆ ಮಾಮೂಲಿ ಅರ್ಜಿಯೇ ಸಾಕು, ಹೆಚ್ಚುವರಿ ಕಳಿಸಬೇಕಾಗಿಲ್ಲ ಅನ್ನುವುದು ಅದರ ನಿಲುವು. ಇದನ್ನು ಓದಿದ ಅಪ್ಪ ಅಮ್ಮಂದಿರು ‘ಹಾಗೆ ಹೇಳ್ತಾರೆ ಅಷ್ಟೇ’ ಅಂತ ನಗುತ್ತಾರೆ. ಹಾಗೆ ಸುಮ್ಮನೆ ಹೇಳಿದ್ದಲ್ಲ ಅದು.

ಯಾಕೆ ಅಂತ ತಿಳಿಯಬೇಕಾದರೆ ಆ ಅರ್ಜಿಯಲ್ಲಿ ಈಗಾಗಲೇ ಏನಿದೆ ಅಂತ ನೋಡಬೇಕು. ಹಲವು ಕಾಲೇಜುಗಳಿಗೆ ಒಟ್ಟಿಗೆ ನಡೆಯುವ ಕಾಮನ್ ಆ್ಯಪ್ ಅನ್ನುವ ಅರ್ಜಿಯಲ್ಲಿ ಪಠ್ಯೇತರ ಚಟುವಟಿಕೆಗಳಿಗೆ 10 ಸಾಲು ಇವೆ. ಪ್ರತಿ ಸಾಲಿನ ವಿವರಣೆಗೆ 150 ಅಕ್ಷರ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತಲೂ ತುಂಬಬೇಕು. ಪ್ರಶಸ್ತಿಗಳಿಗೆ ಬೇರೆ 5 ಸಾಲು. 650 ಪದಗಳ ಪ್ರಬಂಧ ಇದೆ. ಶಿಕ್ಷಕರ ಪತ್ರಗಳಿವೆ. ಅಂದರೆ ಹುಡುಗಿ ಸಂಗೀತ ಕಲಿತಿದ್ದಾಳೆ, ಬೆಳಗ್ಗೆ ಎದ್ದು ಅಭ್ಯಾಸ ಮಾಡುತ್ತಾಳೆ, ಅದು ಅವಳ ಬದುಕಿನಲ್ಲಿ ದೊಡ್ಡದು ಅನ್ನುವುದೆಲ್ಲ ಅರ್ಜಿ ಓದುವವರಿಗೆ ಆಗಲೇ ಗೊತ್ತಾಗಿರುತ್ತದೆ. ಸಪ್ಲಿಮೆಂಟ್ ಆ ವಿಷಯ ಹೇಳುವುದಕ್ಕಲ್ಲ. ಅವಳು ಎಷ್ಟು ಚೆನ್ನಾಗಿ ಹಾಡುತ್ತಾಳೆ ಅನ್ನುವ ಒಂದೇ ಒಂದು ವಿಷಯಕ್ಕೆ ಅದು ಸಾಕ್ಷಿ. ಸಾಕ್ಷಿ ನಮ್ಮ ಪರವಾಗಿಯೇ ಮಾತಾಡಬೇಕು ಅಂತೇನಿಲ್ಲ, ಅಲ್ವಾ?

ಅದನ್ನು ಯಾರು ಕೇಳುತ್ತಾರೆ? ಅರ್ಜಿ ಓದುವ ಅಧಿಕಾರಿ ಸಾಮಾನ್ಯವಾಗಿ ಸಂಗೀತದ ಪಂಡಿತನಲ್ಲ. ತುಣುಕು ಕಲಾ ವಿಭಾಗದ ಅಧ್ಯಾಪಕರ ಹತ್ತಿರ ಹೋಗುತ್ತದೆ. ಅವರು ಕೇಳಿ ಒಂದು ಅಂಕವನ್ನೋ ಎರಡು ಸಾಲಿನ ಟಿಪ್ಪಣಿಯನ್ನೋ ಬರೆಯುತ್ತಾರೆ. ಅದು ಫೈಲಿಗೆ ವಾಪಸ್ ಬರುತ್ತದೆ. ಅವರ ಮುಂದೆ ದೊಡ್ಡ ರಾಶಿ ಇರುತ್ತದೆ, ಪಾಠ ಮಾಡುವ ಕೆಲಸ ಬೇರೆ ಇರುತ್ತದೆ. ಹತ್ತು ನಿಮಿಷದ ವಿಡಿಯೊವನ್ನು ಹತ್ತು ನಿಮಿಷವೂ ಕೇಳುತ್ತಾರೆ ಅಂತ ನಂಬಿ ಕೂರಬಾರದು.

ಈ ಒಳಗಿನ ವ್ಯವಹಾರ ಸ್ವಲ್ಪ ಹೊರಗೆ ಬಂದದ್ದು ಹಾರ್ವರ್ಡ್ ಮೇಲಿನ ಮೊಕದ್ದಮೆಯಲ್ಲಿ. 2018ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಅಂತ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತಲ್ಲ, ಅದೇ ಪ್ರಕರಣ. ಆಗ ಬಯಲಾದ ಕಾಗದಪತ್ರಗಳ ಪ್ರಕಾರ ಓದು, ಪಠ್ಯೇತರ, ಕ್ರೀಡೆ, ವ್ಯಕ್ತಿತ್ವ ಹೀಗೆ ಒಂದೊಂದಕ್ಕೂ 1ರಿಂದ 6ರವರೆಗೆ ಅಂಕ ಕೊಡುತ್ತಿದ್ದರು. 1 ಅಂದರೆ ಅತ್ಯುತ್ತಮ. ಪಠ್ಯೇತರದಲ್ಲಿ 1 ಸಿಗಬೇಕಾದರೆ ರಾಷ್ಟ್ರಮಟ್ಟದ ಸಾಧನೆಯೋ ವೃತ್ತಿಪರರ ಮಟ್ಟದ ಅನುಭವವೋ ಬೇಕು. ಶಾಲೆಯಲ್ಲಿ ಮುಂದಾಳು, ಊರಿನ ಅಥವಾ ಆ ಭಾಗದ ಮಟ್ಟದ ಬಹುಮಾನಗಳು ಇದ್ದರೆ 2. ಹೆಚ್ಚುವರಿ ತುಣುಕುಗಳನ್ನು ಕೆಲವೊಮ್ಮೆ ಅಧ್ಯಾಪಕರು ನೋಡುತ್ತಾರೆ ಅನ್ನುವುದೂ ಅಲ್ಲಿ ದಾಖಲಾಯಿತು.

ನಾನು ಇದನ್ನು ಓದುವುದು ಹೀಗೆ. ಕನ್ನಡ ಕೂಟದ ವೇದಿಕೆ, ದೇವಸ್ಥಾನದ ಸಂಗೀತ ಕಛೇರಿ, ಊರಿನ ಸ್ಪರ್ಧೆಯ ಬಹುಮಾನ ಇರುವ ಮಗುವಿಗೆ 2 ಸಿಗುವಷ್ಟು ಮಾಹಿತಿ ಚಟುವಟಿಕೆ ಪಟ್ಟಿಯಲ್ಲೇ ಇದೆ. ವಿಡಿಯೊ ಬೇಕಾಗುವುದು 2ರಿಂದ 1ಕ್ಕೆ ಹತ್ತಬಲ್ಲ ಮಗುವಿಗೆ. ಅಷ್ಟು ಎತ್ತರ ಇಲ್ಲದಿದ್ದರೆ ವಿಡಿಯೊದಿಂದ ಏರುವುದೇನೂ ಇಲ್ಲ, ಇಳಿಯಬಹುದು. ಪಟ್ಟಿಯಲ್ಲಿ ‘12 ವರ್ಷದ ಅಭ್ಯಾಸ, 40 ಕಛೇರಿ’ ಅಂತ ಇದೆ ಅಂದುಕೊಳ್ಳಿ. ಓದಿದವರಿಗೆ ಭಾರಿ ಅನಿಸುತ್ತದೆ. ಆಮೇಲೆ ವಿಡಿಯೊದಲ್ಲಿ ತಾರಸ್ಥಾಯಿಗೆ ಹೋದಾಗಲೆಲ್ಲ ಶ್ರುತಿ ಜಾರಿದರೆ? ಆಗ ಆ 12 ವರ್ಷವೇ ಅವಳ ವಿರುದ್ಧ ಮಾತಾಡುತ್ತದೆ.

ನಮ್ಮವರಿಗೆ ಈ ಲೆಕ್ಕ ಬೇಗ ತಲೆಗೆ ಹೋಗುವುದಿಲ್ಲ, ಅದಕ್ಕೆ ಕಾರಣವೂ ಇದೆ. ನಾವು ಸಿಇಟಿ, ಜೆಇಇ ನೋಡಿ ಬೆಳೆದವರು. ಅಲ್ಲಿ ರ್ಯಾಂಕ್ ಒಂದೇ ಮಾತು. ಅದರ ಆಚೆ ಏನಾದರೂ ಇದ್ದರೆ ಎನ್‌ಸಿಸಿ, ಕ್ರೀಡೆಯ ಕೋಟಾ ಥರದ್ದು. ಸರ್ಟಿಫಿಕೇಟ್ ಇಟ್ಟರೆ ಲಾಭ, ಇಡದಿದ್ದರೆ ಇಲ್ಲ. ಜಾಸ್ತಿ ಕಾಗದ ಇಟ್ಟದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಅದೇ ಅಭ್ಯಾಸದಲ್ಲಿ ಸಪ್ಲಿಮೆಂಟನ್ನೂ ಗ್ರೇಸ್ ಮಾರ್ಕ್ಸ್ ಥರ ನೋಡುತ್ತೇವೆ. ಆದರೆ ಅಲ್ಲಿ ಕೂತು ಓದುವವರು ಮನುಷ್ಯರು. ಅವರಿಗೆ ಬೇಸರವಾಗುತ್ತದೆ, ಗಮನ ಬೇರೆ ಕಡೆ ಹೋಗುತ್ತದೆ. ಚೆನ್ನಾಗಿದ್ದ ಅರ್ಜಿಯ ಜೊತೆ ಸಾಧಾರಣದ ವಿಡಿಯೊ ಬಂದರೆ, ಈ ಹುಡುಗನಿಗೆ ತನ್ನ ಮಟ್ಟ ಗೊತ್ತಿಲ್ಲವೇನೋ ಅನ್ನುವ ಅನುಮಾನವೂ ಬರುತ್ತದೆ.

ಹಾಗಾದರೆ ಮಟ್ಟ ತಿಳಿಯುವುದು ಹೇಗೆ? ಗುರುಗಳನ್ನು ಕೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಐದು ವರ್ಷದ ಮಗುವಾಗಿದ್ದಾಗಿನಿಂದ ಕಲಿಸಿದವರಿಗೆ ಆ ಮಗು ಎಷ್ಟು ದೂರ ಬಂದಿದೆ ಅನ್ನುವುದು ಕಾಣುತ್ತದೆ. ಕಾಲೇಜಿನವರಿಗೆ ಕಾಣುವುದು ಈಗ ಎಲ್ಲಿದೆ ಅನ್ನುವುದು ಮಾತ್ರ. ಮಗುವಿನ ಪರಿಚಯವೇ ಇಲ್ಲದ ಇನ್ನೊಬ್ಬ ವಿದ್ವಾಂಸರಿಗೆ ಹೆಸರು ಹೇಳದೆ ರೆಕಾರ್ಡಿಂಗ್ ಕೇಳಿಸಿ. ‘ಹೇಗಿದೆ’ ಅಂತ ಕೇಳಬೇಡಿ. ಚೆನ್ನಾಗಿದೆ ಅಂದುಬಿಡುತ್ತಾರೆ, ನಮ್ಮಲ್ಲಿ ಮುಖ ನೋಡಿ ಕೆಟ್ಟದ್ದು ಹೇಳುವ ರೂಢಿ ಇಲ್ಲ. ‘ಈ ವಯಸ್ಸಿನ ಮಕ್ಕಳಲ್ಲಿ ಇಂಥದ್ದನ್ನು ನೀವು ಎಷ್ಟು ಸಲ ಕೇಳಿದ್ದೀರಿ’ ಅಂತ ಕೇಳಿ. ‘ಓ, ತುಂಬಾ ಮಕ್ಕಳು ಹೀಗೆ ಹಾಡ್ತಾರೆ’ ಅಂತ ಬಂದರೆ ಉತ್ತರ ಸಿಕ್ಕಿತು.

ಇನ್ನೊಂದು ದಾರಿ, ಹೊರಗಿನವರು ಈಗಾಗಲೇ ತೂಗಿ ನೋಡಿದ್ದಾರಾ ಅಂತ ನೋಡುವುದು. ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಉತ್ಸವದ ಸ್ಪರ್ಧೆಗಳಲ್ಲಿ ಅಮೆರಿಕದ ಕರ್ನಾಟಕ ಸಂಗೀತದ ಮಕ್ಕಳು ಒಟ್ಟಿಗೆ ಸೇರುತ್ತಾರೆ. ಅಲ್ಲಿ ಮುಂದಿನ ಸಾಲಿನಲ್ಲಿ ನಿಂತ ಮಗು ವಿಡಿಯೊ ಕಳಿಸಲು ಹೆದರಬೇಕಾಗಿಲ್ಲ. 15ರಿಂದ 18 ವಯಸ್ಸಿನವರಿಗಾಗಿ ಯಂಗ್‌ಆರ್ಟ್ಸ್ ಅನ್ನುವ ಕಲಾ ಸ್ಪರ್ಧೆ ಇದೆ. ಚಿತ್ರ ಮತ್ತು ಬರವಣಿಗೆಗೆ 1923ರಿಂದ ಇರುವ ಸ್ಕೊಲಾಸ್ಟಿಕ್ ಪ್ರಶಸ್ತಿಗಳಿವೆ. ಪ್ರಶಸ್ತಿ ಬಂದಿದ್ದರೆ ಅದು ಪಟ್ಟಿಯಲ್ಲಿ ಬಂದೇ ಬರುತ್ತದೆ. ಆದರೂ ವಿಡಿಯೊ ಕಳಿಸುವ ಧೈರ್ಯ ಇಂಥ ಕಡೆಯಿಂದ ಬಂದರೆ ಅದಕ್ಕೊಂದು ಬುಡ ಇರುತ್ತದೆ. ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಕಥೆ ಬೇರೆ. ವಿದ್ವತ್ ಮುಗಿಸಿದ್ದರೆ ಅದು ದೊಡ್ಡ ಮಾತು, ಆದರೆ ಅದೇನು ಅಂತ ಅಲ್ಲಿ ಗೊತ್ತಿರುವವರು ಕಡಿಮೆ. ಒಂದು ವಾಕ್ಯದಲ್ಲಿ ವಿವರಿಸಬೇಕು. ಜೂನಿಯರ್ ಪಾಸಾದದ್ದನ್ನು ಮಾತ್ರ ಆಧಾರ ಮಾಡಿಕೊಂಡು ಸಪ್ಲಿಮೆಂಟ್ ಕಳಿಸುವುದು ನನ್ನ ಪ್ರಕಾರ ಬೇಡ.

ಈಗ ನಮ್ಮ ಕಲೆಗಳಿಗೇ ಇರುವ ತೊಡಕಿಗೆ ಬರೋಣ. ಪಿಯಾನೊ ನುಡಿಸುವ ಹುಡುಗ ಕಳಿಸಿದ ತುಣುಕನ್ನು ಕೇಳುವವರಿಗೆ ಆ ಕೃತಿ ಬಾಯಿಪಾಠ. ಎಲ್ಲಿ ಕಷ್ಟ, ಎಲ್ಲಿ ತಪ್ಪಿದ, ಎಲ್ಲ ತಿಳಿಯುತ್ತದೆ. ಕಲ್ಯಾಣಿ ರಾಗದ ಆಲಾಪನೆ ಕೇಳಿದರೆ ಅವರಿಗೆ ಏನು ತಿಳಿಯುತ್ತದೆ? ಸ್ವರ ಶುದ್ಧವಾಗಿದೆಯಾ, ಕಂಠದ ಮೇಲೆ ಹಿಡಿತ ಇದೆಯಾ, ಲಯ ಗಟ್ಟಿಯಾ, ಇಷ್ಟು ಸಂಗೀತ ಬಲ್ಲ ಯಾರಿಗಾದರೂ ತಿಳಿಯುತ್ತದೆ. ರಾಗದ ಬೆಳವಣಿಗೆ, ಸಂಗತಿಗಳ ಹೊಸತನ ತಿಳಿಯದೆ ಹೋಗಬಹುದು. ಎಲ್ಲಕ್ಕಿಂತ ದೊಡ್ಡ ನಷ್ಟ ಕಲ್ಪನಾಸ್ವರದಲ್ಲಿ. ಹುಡುಗಿ ಆ ಕ್ಷಣಕ್ಕೆ ಹೊಳೆದದ್ದನ್ನು ಹಾಡುತ್ತಿದ್ದಾಳೆ. ತಾಳದಲ್ಲಿ ಲೆಕ್ಕ ಕೂಡಿಸಿಕೊಂಡು ಸರಿಯಾಗಿ ಎಡುಪಿಗೆ, ಅಂದರೆ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ನಿಲ್ಲುತ್ತಿದ್ದಾಳೆ. ಗೊತ್ತಿಲ್ಲದವರು ಅದನ್ನು ಬರೆದಿಟ್ಟು ಉರು ಹೊಡೆದ ಭಾಗ ಅಂದುಕೊಳ್ಳುತ್ತಾರೆ. ಜಾಜ್ ಕಲಿತ ಹುಡುಗ ತಕ್ಷಣಕ್ಕೆ ನುಡಿಸಿದರೆ ಹುಬ್ಬೇರಿಸುವವರೇ ಇಲ್ಲಿ ಸುಮ್ಮನೆ ಮುಂದೆ ಹೋಗಿಬಿಡುತ್ತಾರೆ.

ಇದಕ್ಕೆ ಮದ್ದು ಸಣ್ಣದು. ಸ್ಲೈಡ್‌ರೂಮ್‌ನಲ್ಲಿ ಸಾಮಾನ್ಯವಾಗಿ ಪ್ರತಿ ತುಣುಕಿನ ಜೊತೆ ನಾಲ್ಕು ಸಾಲು ಬರೆಯಲು ಜಾಗ ಇರುತ್ತದೆ. ಅಲ್ಲಿ ‘ಇದು ಪ್ರಾಚೀನ ಭಾರತೀಯ ಸಂಗೀತ ಪದ್ಧತಿ’ ಅಂತ ಭಾಷಣ ಬಿಗಿಯಬೇಡಿ. ಹೀಗೆ ಬರೆಯಿರಿ: ‘2 ನಿಮಿಷ 10 ಸೆಕೆಂಡಿನವರೆಗೆ ರಚಿತ ಕೃತಿ. ಅಲ್ಲಿಂದ ಮುಂದಿನದು ಪೂರ್ತಿ ನಾನು ಅಲ್ಲೇ ಕಟ್ಟಿದ್ದು. 8 ಎಣಿಕೆಯ ತಾಳ. ಪಿಟೀಲಿನವರು ನಾನು ಹಾಡಿದ್ದಕ್ಕೆ ಉತ್ತರ ಕೊಡುತ್ತಿದ್ದಾರೆ.’ ಇಷ್ಟು ಸಾಕು. ಕೇಳುವವರ ಕಿವಿ ಸರಿಯಾದ ಜಾಗಕ್ಕೆ ಹೋಗುತ್ತದೆ.

ಪಕ್ಕವಾದ್ಯದ ವಿಷಯದಲ್ಲೂ ಹುಷಾರು. ದೊಡ್ಡ ವಿದ್ವಾಂಸರು ಪಿಟೀಲು, ಮೃದಂಗ ನುಡಿಸಿದ ಕಛೇರಿಯ ರೆಕಾರ್ಡಿಂಗ್ ಕೇಳಲು ಭರ್ಜರಿಯಾಗಿರುತ್ತದೆ. ಅದರಲ್ಲಿ ಮಗುವಿನ ಕೆಲಸ ಎಷ್ಟು ಅನ್ನುವುದೇ ಮುಚ್ಚಿಹೋಗುತ್ತದೆ. ತಂಬೂರಿ, ಒಂದು ಮೃದಂಗ, ಬೇಕಾದರೆ ಒಂದು ಪಿಟೀಲು. ಅದಕ್ಕಿಂತ ಜಾಸ್ತಿ ಬೇಡ.

ಭರತನಾಟ್ಯದವರ ಮನೆಯಲ್ಲಿ ರಂಗಪ್ರವೇಶದ ವಿಡಿಯೊ ಸಿದ್ಧವಾಗಿ ಇದ್ದೇ ಇರುತ್ತದೆ. ನಾಲ್ಕು ಕ್ಯಾಮೆರಾ, ಹೊಗೆ, ನೀಲಿ ದೀಪ. ದುಡ್ಡೂ ಬೇಕಾದಷ್ಟು ಖರ್ಚಾಗಿರುತ್ತದೆ. ಅದನ್ನೇ ಕತ್ತರಿಸಿ ಕಳಿಸೋಣ ಅನ್ನುವ ಆಸೆ ಸಹಜ. ಆದರೆ ಆ ವಿಡಿಯೊ ಮಾಡಿದವರು ಮದುವೆ ವಿಡಿಯೊ ಮಾಡುವವರು. ಜತಿ (ಕಾಲಿನ ಕೆಲಸದ ಭಾಗ) ಶುರುವಾದ ಕೂಡಲೇ ಮುಖದ ಹತ್ತಿರಕ್ಕೆ ಹೋಗುತ್ತಾರೆ, ಕಾಲು ಕಾಣುವುದೇ ಇಲ್ಲ. ಅಡವು ಬಿಗಿಯಾಗಿದ್ದ ಕಡೆ ನಟುವಾಂಗ ಮಾಡುವ, ಅಂದರೆ ತಾಳ ಹಾಕಿ ಜತಿ ಹೇಳುವ, ಗುರುಗಳನ್ನು ತೋರಿಸುತ್ತಾರೆ. ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ನಿಲುವು) ಎಷ್ಟು ಕೆಳಗಿದೆ, ಕೊನೆಯವರೆಗೂ ನಿಂತಿತಾ, ತಟ್ಟಿದ ಕಾಲಿಗೂ ಮೃದಂಗಕ್ಕೂ ಕೂಡಿತಾ ಅನ್ನುವುದೇ ನೋಡಬೇಕಾದದ್ದು. ನೃತ್ಯ ಬಲ್ಲವರಿಗೆ ಭರತನಾಟ್ಯ ಗೊತ್ತಿಲ್ಲದಿದ್ದರೂ ಇದು ತಿಳಿಯುತ್ತದೆ. ಹಾಗಾಗಿ ಮತ್ತೆ ತೆಗೆಯಬೇಕು. ಫೋನನ್ನು ಟ್ರೈಪಾಡ್ ಮೇಲಿಟ್ಟು, ತಲೆಯಿಂದ ಕಾಲಿನವರೆಗೆ ಕಾಣುವಂತೆ, ಅಲುಗಾಡಿಸದೆ, ಕತ್ತರಿ ಹಾಕದೆ. ಮುಕ್ಕಾಲು ಗಂಟೆಯ ‘ವರ್ಣ’ ಅನ್ನುವ ಉದ್ದದ ನೃತ್ಯವನ್ನು ಯಾರೂ ನೋಡುವುದಿಲ್ಲ. ಅದರಿಂದ ಒಂದು ಜತಿ, ಬೇರೆ ಕಡೆಯಿಂದ ಎರಡು ನಿಮಿಷದ ಅಭಿನಯ. ಗುಂಪು ನೃತ್ಯ ಬೇಡ. ಹಾಕಲೇಬೇಕಾದರೆ ‘ಎಡಗಡೆ ಎರಡನೆಯವಳು, ಹಸಿರು ಸೀರೆ’ ಅಂತ ಬರೆಯಿರಿ.

ಉಡುಪಿ, ಕುಂದಾಪುರದ ಕಡೆಯ ಹುಡುಗ ಯಕ್ಷಗಾನ ಕಲಿತಿದ್ದರೆ? ಇದು ನನಗೆ ಇಷ್ಟವಾದ ಪ್ರಶ್ನೆ. ಅಪರೂಪದ ಕಲೆ, ನೋಡುವವರು ತಕ್ಷಣ ಎದ್ದು ಕೂರುತ್ತಾರೆ. ಆದರೆ ವೇಷ ಎಷ್ಟು ಜೋರಾಗಿರುತ್ತದೆ ಅಂದರೆ ಒಳಗಿರುವ ಹುಡುಗ ಕಾಣುವುದಿಲ್ಲ. ತಲೆಯ ಕೇದಗೆ ಮುಂದಲೆ, ಮುಖದ ಬಣ್ಣ ನೋಡಿ ಬೆರಗಾಗುತ್ತಾರೆ, ಕುಣಿತ ನೋಡಲು ಮರೆಯುತ್ತಾರೆ. ವೇಷ ಹಾಕಿದ ಒಂದು ತುಣುಕಿನ ಜೊತೆ ಪಂಚೆ ಕಟ್ಟಿ ಅಭ್ಯಾಸ ಮಾಡುವ ಒಂದು ತುಣುಕು ಇರಲಿ. ಚೆಂಡೆ ಮದ್ದಳೆಗೆ ಕಾಲು ಹೇಗೆ ಬೀಳುತ್ತದೆ ಅನ್ನುವುದು ಆಗ ನಿಚ್ಚಳ. ಅರ್ಥಗಾರಿಕೆ ಚೆನ್ನಾಗಿದ್ದರೆ ಇಂಗ್ಲಿಷ್ ಅಡಿಬರಹ ಹಾಕಿ. ಅಲ್ಲೇ ಮಾತು ಕಟ್ಟುವ ಕಲೆ ಅಂತ ಹೇಳಲು ಮರೆಯಬೇಡಿ.

ಚಿತ್ರಕಲೆಯಲ್ಲಿ ಸಿಕ್ಕಿಬೀಳುವ ಜಾಗ ಇನ್ನೊಂದು. ಅಪ್ಪು ಫೋಟೊ ನೋಡಿ ಪೆನ್ಸಿಲ್‌ನಲ್ಲಿ ಕೂದಲೆಳೆ ಬಿಡದೆ ಬರೆದ ಚಿತ್ರವನ್ನು ನೆಂಟರೆಲ್ಲ ಹೊಗಳಿರುತ್ತಾರೆ. ಕೈ ಪಳಗಿದೆ ನಿಜ. ಆದರೆ ಕಾಲೇಜಿನ ಕಲಾ ವಿಭಾಗದವರು ಫೋಟೊದ ನಕಲನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಗಿ ತಾನೇ ಏನನ್ನು ನೋಡಿದಳು, ಯಾಕೆ ಹಾಗೆ ಬಿಡಿಸಿದಳು ಅಂತ ಹುಡುಕುತ್ತಾರೆ. ಅಜ್ಜಿಯ ಅಡುಗೆಮನೆಯನ್ನು ಎದುರಿಗೆ ಕೂತು ಬರೆದ, ಸ್ವಲ್ಪ ಸೊಟ್ಟಗಿರುವ ಸ್ಕೆಚ್‌ಗೆ ಅಲ್ಲಿ ಬೆಲೆ ಜಾಸ್ತಿ. ಮೈಸೂರು ಶೈಲಿಯ ಚಿತ್ರ ಕಲಿತವರಿಗೆ ಇದು ಅನ್ಯಾಯ ಅನಿಸಬಹುದು. ನಮ್ಮ ಪದ್ಧತಿಯಲ್ಲಿ ಗುರುವಿನ ಗೆರೆಯನ್ನು ತಪ್ಪಿಲ್ಲದೆ ತೆಗೆಯುವುದೇ ವಿದ್ಯೆ. ನನಗೂ ಅದು ಅನ್ಯಾಯವೇ ಅನಿಸುತ್ತದೆ. ಆದರೆ ನೋಡುವವರು ಅವರು, ಅಳತೆಗೋಲೂ ಅವರದೇ. ಸಾಂಪ್ರದಾಯಿಕ ಚಿತ್ರ ಕಳಿಸುವುದಾದರೆ ಉಬ್ಬು ಕೆಲಸ, ಚಿನ್ನದ ಹಾಳೆ ಅಂಟಿಸುವ ಹಂತಗಳ ಫೋಟೊಗಳನ್ನೂ ಸೇರಿಸಿ. ಜೊತೆಗೆ ಸ್ವಂತದ ಎರಡು ಮೂರು ಚಿತ್ರ ಇರಲಿ.

ಕಾಲೇಜು ಯಾವುದು ಅನ್ನುವುದೂ ತೀರ್ಮಾನವನ್ನು ಬದಲಿಸುತ್ತದೆ. ಕನೆಕ್ಟಿಕಟ್‌ನ ಮಿಡಲ್‌ಟೌನ್‌ನಲ್ಲಿರುವ ವೆಸ್ಲಿಯನ್ ವಿಶ್ವವಿದ್ಯಾಲಯವನ್ನೇ ತಗೊಳ್ಳಿ. 1960ರ ದಶಕದಿಂದ ಅಲ್ಲಿ ಕರ್ನಾಟಕ ಸಂಗೀತ ಬೇರು ಬಿಟ್ಟಿದೆ. ಮೃದಂಗದ ಟಿ. ರಂಗನಾಥನ್, ಕೊಳಲಿನ ಟಿ. ವಿಶ್ವನಾಥನ್, ಅವರ ಅಕ್ಕ, ಭರತನಾಟ್ಯದ ಬಾಲಸರಸ್ವತಿ ಮೂವರೂ ಅಲ್ಲಿ ಕಲಿಸಿದವರು. ಪ್ರತಿ ವರ್ಷ ನವರಾತ್ರಿ ಉತ್ಸವ ನಡೆಯುತ್ತದೆ. ಅಂಥ ಊರಿನಲ್ಲಿ ನೆರವಲ್ (ಸಾಹಿತ್ಯದ ಒಂದೇ ಸಾಲನ್ನು ಅಲ್ಲೇ ಬೆಳೆಸಿ ಹಾಡುವುದು) ಅಂದರೇನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗೊತ್ತಿರುವವರ ಕಿವಿ ಚುರುಕಾಗಿಯೂ ಇರುತ್ತದೆ, ಅದೂ ನೆನಪಿರಲಿ. ಕರ್ನಾಟಕ ಸಂಗೀತದ ಗಂಧಗಾಳಿ ಇಲ್ಲದ ಕಡೆ ‘ಏನೋ ಚೆನ್ನಾಗಿದೆ’ ಅನ್ನುವಷ್ಟಕ್ಕೆ ನಿಲ್ಲಬಹುದು.

ಸಣ್ಣ ಲಿಬರಲ್ ಆರ್ಟ್ಸ್ (ಕಲೆ, ವಿಜ್ಞಾನ ಎಲ್ಲವನ್ನೂ ಕಲಿಸುವ) ಕಾಲೇಜುಗಳ ಲೆಕ್ಕವೂ ಸ್ವಲ್ಪ ಬೇರೆ. ಅಲ್ಲಿ ಒಂದೂವರೆ ಎರಡು ಸಾವಿರ ವಿದ್ಯಾರ್ಥಿಗಳು. ಆರ್ಕೆಸ್ಟ್ರಾ ತುಂಬಬೇಕು, ನಾಟಕಕ್ಕೆ ಜನ ಬೇಕು. ವಯೋಲಾ ನುಡಿಸುವವರು ಬಂದರೆ ಸಂಗೀತ ವಿಭಾಗಕ್ಕೆ ಖುಷಿ. ಅಸಾಧಾರಣ ಅಲ್ಲದಿದ್ದರೂ ಗಟ್ಟಿಯಾಗಿ ನುಡಿಸುವ, ಕಾಲೇಜಿಗೆ ಹೋದ ಮೇಲೂ ಬಿಡದೆ ನುಡಿಸುತ್ತೇನೆ ಅನ್ನುವ ಹುಡುಗ ಇಂಥ ಕಡೆ ಕಳಿಸಬಹುದು. ಒಂದೇ ವಿಡಿಯೊ ಒಂದು ಕಾಲೇಜಿಗೆ ಸರಿ, ಇನ್ನೊಂದಕ್ಕೆ ಬೇಡ ಅಂತ ಆಗುವುದು ಹೀಗೆ. ಎಲ್ಲ ಕಡೆಗೂ ಒಂದೇ ತೀರ್ಮಾನ ಮಾಡಬೇಕಾಗಿಲ್ಲ.

ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜುಗಳಲ್ಲಿ ಈ ತಲೆನೋವೇ ಇಲ್ಲ. ಸಾಮಾನ್ಯ ಅರ್ಜಿಯ ಜೊತೆ ವಿಡಿಯೊ ತಗೊಳ್ಳುವುದಿಲ್ಲ. 20 ಚಟುವಟಿಕೆ ಮತ್ತು ಪ್ರಶಸ್ತಿಗಳ ಜಾಗ, 8 ಪ್ರಶ್ನೆಗಳಲ್ಲಿ 4ಕ್ಕೆ ತಲಾ 350 ಪದದ ಉತ್ತರ, ಅಷ್ಟೇ. ಆ 8ರಲ್ಲಿ ಒಂದು ನಿಮ್ಮ ಸೃಜನಶೀಲತೆಯ ಬಗ್ಗೆಯೇ ಇದೆ, ಕಲೆಯನ್ನು ಅಲ್ಲಿ ತನ್ನಿ. ಅವುಗಳಲ್ಲೊಂದಾದ ಯುಸಿಎಲ್ಎಯಲ್ಲಿ ಸಂಗೀತ, ಕಲೆಯನ್ನೇ ಓದುವವರಿಗೆ ಮಾತ್ರ ವಿಭಾಗದವರು ಬೇರೆ ಕೇಳುತ್ತಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಹಾಕುವ ಯುಕಾಸ್ ಅರ್ಜಿಯಲ್ಲೂ ಇದಕ್ಕೆ ಜಾಗ ಇಲ್ಲ. 2026ರ ಪ್ರವೇಶದಿಂದ ಅಲ್ಲಿ ಮೂರು ಪ್ರಶ್ನೆಗೆ ಒಟ್ಟು 4,000 ಅಕ್ಷರದಲ್ಲಿ ಉತ್ತರ, ಅದೂ ಹೆಚ್ಚಾಗಿ ಓದುವ ವಿಷಯದ ಬಗ್ಗೆ.

ಸಮಯದ ಮಾತು ಕೊನೆಗೆ ಇಟ್ಟಿದ್ದೇನೆ, ಆದರೆ ಎಷ್ಟೋ ಮನೆಗಳಲ್ಲಿ ತೀರ್ಮಾನ ಆಗುವುದೇ ಇದರ ಮೇಲೆ. ಬೇಗ ಅರ್ಜಿ ಹಾಕುವವರಿಗೆ ಸಾಮಾನ್ಯವಾಗಿ ನವೆಂಬರ್ 1 ಗಡುವು. ಉಳಿದವರಿಗೆ ಜನವರಿ ಮೊದಲ ವಾರದ ಆಸುಪಾಸು. ಸಪ್ಲಿಮೆಂಟ್‌ಗೆ ಕೆಲವರು ನಾಲ್ಕು ದಿನ ಹೆಚ್ಚು ಕೊಡುತ್ತಾರೆ. ಕೆಲವರು ಉಲ್ಟಾ. ಸ್ಟ್ಯಾನ್‌ಫರ್ಡ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ಆರ್ಟ್ಸ್ ಪೋರ್ಟ್‌ಫೋಲಿಯೊ ಕಳಿಸುವವರು ಇಡೀ ಅರ್ಜಿಯನ್ನೇ ಮುಂಚಿತವಾಗಿ, ಬೇಗದ ಸುತ್ತಿಗೆ ಅಕ್ಟೋಬರ್ ಮಧ್ಯದಲ್ಲಿ, ಮಾಮೂಲಿ ಸುತ್ತಿಗೆ ಡಿಸೆಂಬರ್ ಮೊದಲಲ್ಲಿ ಮುಗಿಸಬೇಕಿತ್ತು. ನಿಮ್ಮ ವರ್ಷದ ದಿನಾಂಕವನ್ನು ಆ ಕಾಲೇಜಿನ ತಾಣದಲ್ಲೇ ನೋಡಿ. ಹೋದ ವರ್ಷ ಅರ್ಜಿ ಹಾಕಿದ ಪಕ್ಕದ ಮನೆ ಹುಡುಗನ ಮಾತು ನೆಚ್ಚಿಕೊಳ್ಳಬೇಡಿ.

ಬೆಂಗಳೂರಿನ ಹುಡುಗನಿಗೆ ಇದೇ ಸಮಯದಲ್ಲಿ ದಸರಾ, ದೀಪಾವಳಿ, ಸೆಕೆಂಡ್ ಪಿಯು ಪರೀಕ್ಷೆಗಳು, ಪಕ್ಕದಲ್ಲಿ ಜೆಇಇ ಕೋಚಿಂಗ್. ಹತ್ತು ನಿಮಿಷದ ಒಳ್ಳೆಯ ರೆಕಾರ್ಡಿಂಗ್ ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡರೆ ಕೆಟ್ಟಿರಿ. ಮೃದಂಗದವರು ಸಿಗಬೇಕು, ಗಂಟಲು ಸರಿ ಇರಬೇಕು, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿರಬಾರದು. ಹಾಗಾಗಿ ಕಳಿಸುವ ಯೋಚನೆ ಇದ್ದರೆ ಬೇಸಿಗೆ ರಜೆಯಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಜಾಣತನ. ಅಕ್ಟೋಬರ್ 20ಕ್ಕೆ ಯೋಚನೆ ಬಂದರೆ, ಪ್ರಬಂಧ ಇನ್ನೂ ಅರ್ಧ ಇದ್ದರೆ, ಬಿಟ್ಟುಬಿಡಿ. ಕೆಟ್ಟ ಪ್ರಬಂಧವನ್ನು ಒಳ್ಳೆಯ ತಿಲ್ಲಾನ ಉಳಿಸುವುದಿಲ್ಲ.

ಕೆಲವು ಕಾಲೇಜುಗಳು ಕಲಾಗುರುಗಳ ಪತ್ರವನ್ನೂ ತಗೊಳ್ಳುತ್ತವೆ. ಮೈಸೂರಿನ ಗುರುಗಳಿಗೆ ಇಂಗ್ಲಿಷ್ ಪತ್ರ ಬರೆದು ರೂಢಿ ಇಲ್ಲದಿದ್ದರೆ ‘ನೀವೇ ಬರ್ಕೊಂಡ್ ಬನ್ನಿ, ಸಹಿ ಹಾಕ್ತೀನಿ’ ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಆದರೆ ಹಾಗೆ ಮಾಡಬೇಡಿ. ಅವರು ಕನ್ನಡದಲ್ಲೇ ಹೇಳಲಿ, ಮನೆಯವರಲ್ಲದ ಯಾರಾದರೂ ಇಂಗ್ಲಿಷಿಗೆ ತರಲಿ, ಅನುವಾದ ಅಂತ ಕೆಳಗೆ ನಮೂದಿಸಲಿ. ‘ಇವಳು ವಿನಯವಂತೆ, ಶ್ರದ್ಧೆ ಜಾಸ್ತಿ’ ಅನ್ನುವುದಕ್ಕಿಂತ ‘ಮಿಶ್ರಗತಿಯಲ್ಲಿ ತಪ್ಪುತ್ತಿದ್ದಳು, ಮೂರು ತಿಂಗಳು ಬೇರೆ ಏನನ್ನೂ ಮುಟ್ಟದೆ ಅದನ್ನೇ ಹಿಡಿದಳು’ ಅನ್ನುವ ಒಂದು ಸಾಲು ಎಷ್ಟೋ ಮೇಲು.

ಬೇಡ ಅಂತ ತೀರ್ಮಾನಿಸಿದವರು ಆ 150 ಅಕ್ಷರದ ಕಡೆ ಗಮನ ಕೊಡಿ. ಪದಗಳ ನಡುವಿನ ಖಾಲಿ ಜಾಗಗಳೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ರಾಗಗಳ ಹೆಸರು, ಸಭಾಗಳ ಹೆಸರು ತುಂಬಿ ಹಾಳು ಮಾಡಬೇಡಿ. ‘ಕರ್ನಾಟಕ ಸಂಗೀತ ಕಲಿತಿದ್ದೇನೆ, ಅನೇಕ ಕಾರ್ಯಕ್ರಮ ಕೊಟ್ಟಿದ್ದೇನೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಒಂದೂವರೆ ಗಂಟೆಯ ಕಛೇರಿ ಒಬ್ಬಳೇ ಹಾಡುತ್ತೇನೆ, ಅರ್ಧದಷ್ಟು ವೇದಿಕೆಯಲ್ಲೇ ಕಟ್ಟಿದ್ದು, ಭಾನುವಾರ 9 ಚಿಕ್ಕ ಮಕ್ಕಳಿಗೆ ದೇವರನಾಮ ಕಲಿಸುತ್ತೇನೆ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಸ್ವಲ್ಪ ಬಿಗಿ ಮಾಡಿ ಬರೆದರೆ 150ರ ಒಳಗೆ ಕೂರುತ್ತದೆ.